ಬೊಂಬಾಯಿ ಚಿಕ್ಕಿಯ ಮಾವಿನ ಪೈ

ಹೋದ ವಾರ ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುತ್ತ ಒಂದು ಬೇಕರಿಯ ಎದುರು ನಿಂತಿದ್ದೆ. ಒಳಗೆ ಯಾರೋ ಓವನ್ನಿನ ಬಾಗಿಲು ತೆಗೆದಿರಬೇಕು. ಬೆಣ್ಣೆ ಸೇರಿದ ಹಿಟ್ಟು ಕೆಂಪಗಾಗುವ ಪರಿಮಳ ಬಂತು, ಅದರ ಬೆನ್ನಿಗೇ ಬೆಂದ ಮಾವಿನಹಣ್ಣಿನದು. ತಿರುಗಿ ನೋಡಿದರೆ ಗಾಜಿನ ಕಪಾಟಿನಲ್ಲಿ ಪಫ್ಸ್, ಖಾರ ಬನ್ನುಗಳ ಪಕ್ಕ ಅಂಗೈಯಗಲದ ದುಂಡನೆಯ ತಿಂಡಿಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಹತ್ತಬೇಕಾಗಿದ್ದ ಸಾಲಿಗ್ರಾಮದ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ, ಬೇಕರಿಯೊಳಗೂ ಹೋಗಲಿಲ್ಲ. ಎಷ್ಟು ವರ್ಷವಾಯಿತು ಆ ವಾಸನೆ ಮೂಗಿಗೆ ಬಡಿದು...

ಆಗ ನಾನು ಕೋಡಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದಿನಾ ಸಾಲಿಗ್ರಾಮದಿಂದ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಕೋಡಿಗೆ ಇನ್ನೊಂದು. ಶಾಲೆಯ ಗೇಟಿನ ಎದುರಿಗೇ ಒಂದು ಹಂಚಿನ ಮನೆ. ಅಂಗಳದಲ್ಲಿ ಬಲೆಯ ರಾಶಿ, ಪಕ್ಕದಲ್ಲಿ ಮೀನು ತುಂಬಿಡುವ ದೊಡ್ಡ ಐಸ್ ಪೆಟ್ಟಿಗೆ. ಅದು ಮೀನಿನ ವ್ಯಾಪಾರ ಮಾಡುವವರೊಬ್ಬರ ಮನೆ. ಅವರ ಅಕ್ಕ ಮುಂಬಯಿಯಲ್ಲಿ ಬಹಳ ವರ್ಷ ಇದ್ದು ಊರಿಗೆ ಮರಳಿ ತಮ್ಮನ ಜೊತೆ ಇದ್ದರು. ಊರಿನ ಸಣ್ಣವರು, ದೊಡ್ಡವರು ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಬೊಂಬಾಯಿ ಚಿಕ್ಕಿ ಎಂದು. ನನಗೂ ಅವರು ಚಿಕ್ಕಿಯೇ ಆದರು.

ಮೊದಲ ಸಲ ಅವರು ನನ್ನ ಬಳಿ ಬಂದದ್ದು ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಶುರುವಾಗುವ ಮುಂಚಿನ ದಿನ. ಮಕ್ಕಳೆಲ್ಲ ಹೋಗಿಯಾಗಿತ್ತು. ಗಿಡ್ಡ ಮೈ, ನರೆತ ಕೂದಲಿನ ಸಣ್ಣ ತುರುಬು, ಹೆಗಲ ಮೇಲೆ ಒಂದು ಟವಲು. ಶಾಲೆಯ ಜಗಲಿಯ ಕೆಳಗೇ ನಿಂತು ಮಾತಾಡಿದರು.

"ಟೀಚರ್, ನಂಗೆ ಓದುಕೆ ಬತ್ತಿಲ್ಲೆ. ಎರಡ್ನೇ ಕ್ಲಾಸಿಗೇ ಬಿಟ್ಟದ್. ಹೆಸ್ರಿನ್ ಮೊದಲ್ನೇ ಅಕ್ಷರ ಒಂದೊಂದ್ ಬರ್ದ್ ಕೊಡ್ತ್ರಿಯಾ?"

"ಯಾರ್ ಹೆಸ್ರಿಂದ್?"

"ಎಲ್ಲರದ್ದೂ," ಎಂದರು.

ಎಲ್ಲರೂ ಎಂದರೆ ಆ ಓಣಿಯ ಹದಿನಾಲ್ಕು ಮನೆಗಳ ಜನ, ತಮ್ಮನ ದೋಣಿಗೆ ಹೋಗುವವರು, ಶಾಲೆಯ ಟೀಚರುಗಳು, ಬಿಸಿಯೂಟ ಬೇಯಿಸುವ ಅಡುಗೆಯಕ್ಕ. ಅವರು ಹೆಸರು ಹೇಳುತ್ತ ಹೋದರು, ನಾನು ಕಾಗದದ ಮೇಲೆ ದೊಡ್ಡದಾಗಿ ಬರೆಯುತ್ತ ಹೋದೆ. ಪ್ರತಿ ಅಕ್ಷರದ ಪಕ್ಕ ಅವರು ಪೆನ್ಸಿಲಿನಿಂದ ತಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಿಕೊಂಡರು. ಒಬ್ಬರಿಗೆ ಮೀಸೆ, ಇನ್ನೊಬ್ಬರಿಗೆ ಬುಗುಡಿ, ಮತ್ತೊಬ್ಬರಿಗೆ ಊರುಗೋಲು. ನನ್ನ ಅಕ್ಷರ 'ವ' ಬಂದಾಗ ಪಕ್ಕದಲ್ಲಿ ಒಂದು ಕನ್ನಡಕ ಬರೆದರು.

ಏತಕ್ಕೆ ಎಂದು ಆ ದಿನ ಅವರು ಹೇಳಲಿಲ್ಲ. ಆಮೇಲೆ ಅಡುಗೆಯಕ್ಕ ಹೇಳಿದರು. ಮೇ ತಿಂಗಳಲ್ಲಿ ಮಾವಿನಹಣ್ಣು ಬರುತ್ತಲೇ ಚಿಕ್ಕಿ ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಉಜ್ಜಿ ಉಜ್ಜಿ ಕಲಸುತ್ತಾರೆ. ಅಂಗೈಯಷ್ಟಗಲದ ಅಲ್ಯುಮಿನಿಯಂ ಬಟ್ಟಲುಗಳಿಗೆ ಅದನ್ನು ಒತ್ತಿ, ಒಳಗೆ ಸಕ್ಕರೆ, ಏಲಕ್ಕಿ, ಚೂರು ಅಕ್ಕಿಹಿಟ್ಟು ಬೆರೆಸಿದ ಮಾವಿನ ಹೋಳು ತುಂಬಿ, ಮೇಲೆ ಇನ್ನೊಂದು ಹಾಳೆ ಮುಚ್ಚುತ್ತಾರೆ. ಆ ಮುಚ್ಚಳದ ಮೇಲೆ ಹಿಟ್ಟಿನ ಎಳೆಯಿಂದ ಒಬ್ಬೊಬ್ಬರ ಅಕ್ಷರ. ಬೇಯಿಸದೆ ಹಾಗೇ ಗಡ್ಡೆಗಟ್ಟಿಸಿ ಇಟ್ಟರೆ ಕಲ್ಲಿನಂತಾಗುತ್ತದೆ. ಆಗಸ್ಟಿನಲ್ಲಿ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿಗಳು ಮಳೆಗಾಲದ ರಜೆ ಮುಗಿಸಿ ಮತ್ತೆ ಹೊರಡುವ ಮುಂಚಿನ ದಿನ, ಅದನ್ನು ಮನೆಮನೆಗೆ ಹಂಚುತ್ತಾರೆ. ಊರಲ್ಲಿ ಆಗ ಯಾರಲ್ಲೂ ಮಾವಿನಹಣ್ಣು ಇರುವುದಿಲ್ಲ. ಚಿಕ್ಕಿಯದ್ದು ಬಿಟ್ಟರೆ ಯಾರ ಮನೆಯಲ್ಲೂ ಓವನ್ನೂ ಇಲ್ಲ. ಅದಕ್ಕೆ, ಪೈ ಎಂದು ಅವರು ಕರೆಯುವ ಈ ತಿಂಡಿ ಒಂದೊಂದರ ಜೊತೆಗೂ ಒಂದು ಚೀಲದಲ್ಲಿ ತೊಳೆದು ಒಣಗಿಸಿದ ಮರಳು ಕೊಡುತ್ತಾರೆ. ಕುಕ್ಕರಿನ ಅಡಿಗೆ ಮರಳು ಹಾಸಿ, ಬಟ್ಟಲು ಇಟ್ಟು, ಸೀಟಿ ತೆಗೆದು ಮುಚ್ಚಿ ಮುಕ್ಕಾಲು ಗಂಟೆ.

ನಮ್ಮ ಹೆಡ್ಮಾಷ್ಟ್ರಿಗೆ ಆ ಹೆಸರೇ ತಮಾಷೆ. "ಪೈ ಅಂದ್ರೆ ಪೇಟೆಯಗೆ ಅಂಗಡಿ ಇಟ್ಕಂಡವ್ರ್ ಅಲ್ದಾ? ಅವ್ರನ್ನ್ ಬೇಯ್ಸುದಾ?" ಎಂದು ಪ್ರತಿ ವರ್ಷ ಅದೇ ಮಾತು ಹೇಳಿ ತಾವೇ ನಗುತ್ತಿದ್ದರು. ಮಕ್ಕಳಂತೂ ಪೈ ಎನ್ನುವ ಗೋಜಿಗೇ ಹೋಗದೆ ಚಿಕ್ಕಿ ಕಡ್ಬು ಎಂದು ಹೆಸರಿಟ್ಟಿದ್ದರು.

ಆ ವರ್ಷ ಆಗಸ್ಟಿನಲ್ಲಿ ನನ್ನದೂ ಬಂತು. ಬೆಣ್ಣೆಕಾಗದ, ಅದರ ಮೇಲೆ ಪತ್ರಿಕೆ, ಬಲೆ ಹೆಣೆಯುವ ನೀಲಿ ನೂಲಿನ ಕಟ್ಟು. ಜೊತೆಗೆ ಮರಳಿನ ಚೀಲ. ನಾನು ಎರಡು ಕೈಯಲ್ಲಿ ತೆಗೆದುಕೊಂಡೆ, ನಕ್ಕೆ, ಬ್ಯಾಗಿನೊಳಗೆ ಇಟ್ಟೆ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಅಲ್ಲಿ ಸೇವಂತಿಗೆ ಮಾರುವ ಹೆಂಗಸಿಗೆ ಆ ಕಟ್ಟನ್ನೂ ಮರಳನ್ನೂ ಕೊಟ್ಟು, ಬೇಯಿಸುವ ಕ್ರಮ ಹೇಳಿ, ಮನೆಗೆ ಹೋದೆ.

ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಮಾವನವರು ದೇವಸ್ಥಾನದ ಕೆಲಸದವರು, ಮನೆಯಲ್ಲಿ ಮಡಿ ಜಾಸ್ತಿ, ಹೊರಗಿನದು ಒಳಗೆ ಬರುವಂತಿಲ್ಲ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಬೇಕಿದ್ದರೆ ಅಡುಗೆಯಕ್ಕನಿಂದ ಬೇಯಿಸಿಕೊಂಡು ಶಾಲೆಯಲ್ಲೇ ತಿನ್ನಬಹುದಿತ್ತು. ಅಂಗಳದ ಆ ಐಸ್ ಪೆಟ್ಟಿಗೆ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅದರಲ್ಲೇ, ಮೀನಿನ ಪಕ್ಕದಲ್ಲೇ, ಮೂರು ತಿಂಗಳು ಇಟ್ಟದ್ದು ಎಂದು ನಾನೇ ತೀರ್ಮಾನಿಸಿದ್ದೆ. ಯಾರನ್ನೂ ಕೇಳಿರಲಿಲ್ಲ.

ಮರುದಿನ ಚಿಕ್ಕಿ ಗೇಟಿನ ಹತ್ತಿರ ಕಾದಿದ್ದರು. "ಹ್ಯಾಂಗಿತ್ತ್ ಟೀಚರ್?"

"ಭಾರಿ ಲಾಯ್ಕಿತ್ತ್ ಚಿಕ್ಕಿ," ಎಂದೆ.

ಎರಡನೆಯ ವರ್ಷವೂ ಅದೇ ಆಯಿತು, ಮೂರನೆಯ ವರ್ಷವೂ. ಹೂವಿನ ಹೆಂಗಸು ಆಗಸ್ಟ್ ಬಂತೆಂದರೆ ಕಾಯತೊಡಗಿದ್ದಳು.

ಈ ನಡುವೆ ಚಿಕ್ಕಿಯ ಕತೆ ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಮೆಟ್ಟಿಲಿನ ಮೇಲೆ ಬಂದು ಕೂರುತ್ತಿದ್ದರು. ಹದಿಮೂರು ವರ್ಷಕ್ಕೇ ಯಾರದೋ ಸಂಬಂಧಿಕರ ಜೊತೆ ಮುಂಬಯಿಗೆ ಹೋದವರು. ಒಬ್ಬ ಪಾರ್ಸಿ ಹೆಂಗಸಿನ ಮನೆಯಲ್ಲಿ ಅಡುಗೆಗೆ ಸೇರಿ, ಬಾಯಿ ಎಂದು ತಾವು ಕರೆಯುತ್ತಿದ್ದ ಆಕೆ ಮುದುಕಿಯಾಗಿ ಕಣ್ಣು ಮುಚ್ಚುವ ತನಕ ಅಲ್ಲೇ ಇದ್ದರು. ಮದುವೆ ಆಗಲಿಲ್ಲ. ಒಂದು ಸಂಗತಿಯನ್ನು ಮಾತ್ರ ಎರಡು ಮೂರು ಸಲ ಹೇಳಿದ್ದರು.

"ಮನಿಯಗೆ ನಾವ್ ಏಳ್ ಜನ ಮಕ್ಕಳ್, ಟೀಚರ್. ಗಂಜಿ ಒಂದೇ ಮಡಕಿಯಗೆ. ನಂಗಂತ ಬೇರೆ ಎತ್ತಿ ಇಟ್ಟದ್ ಯಾವ್ದೂ ಇಲ್ಲೆ. ಬೊಂಬಾಯಿಗ್ ಹೋದ್ ವರ್ಷ ಅವ್ರ್ ಹೊಸ ವರ್ಷದ್ ಹಬ್ಬಕ್ಕೆ ಬಾಯಿ ಇದನ್ನ್ ಮಾಡ್ರ್. ಮನಿಯವ್ರಿಗೆಲ್ಲ ಒಂದೊಂದ್, ಮೇಲ್ ಅವ್ರವ್ರ್ ಅಕ್ಷರ. ಕಡಿಗ್ ಒಂದ್ ಉಳೀತ್. ಇದ್ ಯಾರದ್ದ್ ಅಂತ ಕೇಂಡೆ. ನಿಂದ್ ಅಂದ್ರ್."

ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. "ನಾಕ್ ದಿನ ತಿನ್ಲಿಲ್ಲೆ. ಕಣ್ ತುಂಬ ಅದನ್ನೇ ಕಾಂತಾ ಕೂತ್ಕಂಡಿದ್ದೆ."

ಇದನ್ನು ಕೇಳಿದ ಮೇಲೂ ಮೂರನೆಯ ವರ್ಷದ ಪೈಯನ್ನು ನಾನು ಹೂವಿನವಳಿಗೆ ಕೊಟ್ಟೆ.

ನಾಲ್ಕನೆಯ ಏಪ್ರಿಲ್‌ನಲ್ಲಿ ಚಿಕ್ಕಿ ಎಂದಿನಂತೆ ಕಾಗದ ಹಿಡಿದು ಬಂದರು. ಆ ವರ್ಷ ಓಣಿಗೆ ಇಬ್ಬರು ಸೊಸೆಯರು ಬಂದಿದ್ದರು, ಒಂದು ಮಗು ಹುಟ್ಟಿತ್ತು. ಮೂರು ಹೊಸ ಅಕ್ಷರ ಬರೆದುಕೊಟ್ಟೆ. ಅವರು ಕಾಗದ ಮಡಚಲಿಲ್ಲ. ನನ್ನ 'ವ' ಮತ್ತು ಅದರ ಪಕ್ಕದ ಕನ್ನಡಕದ ಮೇಲೆ ಬೆರಳಿಟ್ಟರು.

"ಇದನ್ನ್ ಈ ಸಲ ಹಾಕ್ಕಾ, ಬ್ಯಾಡ್ದಾ ಟೀಚರ್?"

ನನಗೆ ತಕ್ಷಣ ತಿಳಿಯಲಿಲ್ಲ.

"ಹೂಗಿನ್ ಹೆಂಗ್ಸಿನ್ ಮಗ್ಳನ್ನ್ ನಮ್ ಓಣಿಗೇ ಕೊಟ್ಟದ್," ಎಂದರು. ದನಿ ಏರಲಿಲ್ಲ. "ಮೊನ್ನೆ ಮಗ್ಳ್ ಮನಿಗ್ ಬಂದಿದ್ಲ್. ನಿಮ್ಮೂರಗೆ ಹೀಂಗಿದ್ದ್ ಮಾಡುವವ್ರ್ ಯಾರ್, ಟೀಚರ್ ಒಬ್ರ್ ವರ್ಷ ವರ್ಷ ಕೊಡ್ತ್ರ್, ಮೇಲ್ 'ವ' ಇರತ್ತ್ ಅಂತ ಕೇಂಡ್ಲ್. ನಾನ್ ಎಂತ ಹೇಳ್ಲಿಲ್ಲೆ. ನಿಮ್ಗ್ ಬ್ಯಾಡ ಅಂದ್ರೆ ನಂಗ್ ಬ್ಯಾಜಾರಿಲ್ಲೆ. ಬೇಕ್ ಅಂದ್ರೂ ಸಂತೋಷ. ಆದ್ರೆ ಹೇಳ್ಕ್."

ಬಯ್ದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ಅವರು ಬಯ್ಯಲಿಲ್ಲ. ನಾನು ತಲೆ ತಗ್ಗಿಸಿ, "ಹಾಕಿ ಚಿಕ್ಕಿ," ಎಂದೆ. ಅಷ್ಟೇ. ತಪ್ಪಾಯ್ತು ಎಂದು ಮಾತ್ರ ಹೇಳಲಿಲ್ಲ. ಅವರು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಆ ವರ್ಷ ಜುಲೈಯಲ್ಲಿ ಗಾಳಿ ಬಂತು. ಕೋಡಿಯಲ್ಲಿ ತೆಂಗಿನಮರಗಳು ಕರೆಂಟಿನ ತಂತಿಯ ಮೇಲೇ ಮಲಗಿದವು, ಸಾಲು ಕಂಬಗಳು ಮುರಿದವು. ಶಾಲೆಗಳಿಗೆ ರಜೆ ಕೊಟ್ಟರು. ಬಿಸಿಯೂಟದ ಜವಾಬ್ದಾರಿ ನನ್ನದಾಗಿತ್ತು, ಅಕ್ಕಿಮೂಟೆ ಒದ್ದೆಯಾಗಿರಬಹುದು ಎಂಬ ಹೆದರಿಕೆಯಿಂದ ಮೂರನೆಯ ದಿನ ಹೇಗೋ ಬಸ್ಸು ಹಿಡಿದು ಬಂದೆ. ಅಡುಗೆಯಕ್ಕ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಅಕ್ಕಿಗೆ ಏನೂ ಆಗಿರಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಚಿಕ್ಕಿ ಮೊಣಕಾಲಿನ ಮೇಲೆ ಗಲ್ಲ ಇಟ್ಟು ಕೂತಿದ್ದರು. ನಾನು ರಸ್ತೆ ದಾಟಿ ಹೋದೆ.

"ಎಂತಾಯ್ತ್ ಚಿಕ್ಕಿ?"

"ಕರೆಂಟ್ ಹೋಯಿ ಮೂರ್ ದಿನ ಆಯ್ತ್ ಟೀಚರ್. ಎಲ್ಲ ಮೆತ್ತಗಾಯ್ತ್. ಇವತ್ತ್ ಬೇಯ್ಸದಿದ್ರೆ ಹುಳಿ ಬತ್ತ್. ನನ್ ಓವನ್ ಕರೆಂಟಿಂದ್. ಕುಕ್ಕರಗೆ ಎರಡೆರಡೇ ಹಿಡಿಯುದ್." ಒಳಗಿನ ಕಡೆ ಕೈ ತೋರಿಸಿ ಹೇಳಿದರು. "ಅರವತ್ತೆಂಟ್ ಇತ್ತ್."

ಮೀನುಗಾರಿಕೆಗೆ ರಜೆಯ ಕಾಲ, ಐಸ್ ಪ್ಲಾಂಟ್ ಮುಚ್ಚಿತ್ತು. ತೆರೆದಿದ್ದರೂ ಕರೆಂಟಿಲ್ಲದೆ ಐಸ್ ಎಲ್ಲಿಂದ ಬರಬೇಕು?

ಕಾಂಬ, ಒಳಗ್ ಬನ್ನಿ ಎಂದು ಅವರು ಎದ್ದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಆ ಮನೆಯ ಹೊಸ್ತಿಲು ದಾಟಿದೆ. ಅಂಗಳದ ಐಸ್ ಪೆಟ್ಟಿಗೆಯನ್ನು ದಾಟಿ ಅವರು ಒಳಗೆ ನಡೆದರು. ಅಡುಗೆಮನೆಯಾಚೆ ಒಂದು ಸಣ್ಣ ಕೋಣೆ, ದೇವರ ಫೋಟೋ, ಅದರ ಕೆಳಗೆ ಬಿಳಿಯ ಚಿಕ್ಕ ಫ್ರೀಜರು. ಮುಚ್ಚಳ ಎತ್ತಿದರು. ಮಾವಿನಹಣ್ಣು, ಏಲಕ್ಕಿ, ಬೆಣ್ಣೆ. ಬೇರೆ ಯಾವ ವಾಸನೆಯೂ ಇರಲಿಲ್ಲ.

"ಇದ್ ಚಿಕ್ಕಿ ಬೊಂಬಾಯಿಂದ ಬಪ್ಪತಿಗೆ ತಂದದ್," ಎಂದರು ನನ್ನ ಹಿಂದೆ ಬಂದಿದ್ದ ಅಡುಗೆಯಕ್ಕ. "ತಮ್ಮ ಮೀನ್ ಇಡುಕ್ ಕೇಂಡ್ರೂ ಬಿಡುದಿಲ್ಲೆ."

ಚಿಕ್ಕಿ ನನ್ನ ಮುಖ ನೋಡದೆ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಹೊರಗಿಡುತ್ತಿದ್ದರು. ಹಿಟ್ಟು ಊದಿಕೊಂಡು ಅಕ್ಷರಗಳು ಹರಡಿಹೋಗಿದ್ದವು. ಅದರಲ್ಲಿ ನನ್ನದು ಯಾವುದೆಂದು ನನಗೂ ತಿಳಿಯಲಿಲ್ಲ.

ಶಾಲೆಯ ಅಡುಗೆಕೋಣೆಯ ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು. ಮೂರು ದೊಡ್ಡ ಗ್ಯಾಸ್ ಒಲೆಗಳು, ನೂರೈವತ್ತು ಮಕ್ಕಳಿಗೆ ಅನ್ನ ಬೇಯಿಸುವ ಪಾತ್ರೆಗಳು. ಮಕ್ಕಳ ಊಟಕ್ಕಲ್ಲದೆ ಬೇರೆ ಯಾವುದಕ್ಕೂ ಅದನ್ನು ಬಳಸುವಂತಿಲ್ಲ ಎಂದು ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ್ದೆ.

"ಚಿಕ್ಕಿ, ಎಲ್ಲವನ್ನೂ ಶಾಲೆಗ್ ತನ್ನಿ," ಎಂದೆ.

ಅಡುಗೆಯಕ್ಕ ನನ್ನ ತೋಳು ಹಿಡಿದರು. "ನಾಳೆ ಯಾರಾರೂ ಕೇಂಡ್ರೆ ಟೀಚರ್?"

"ಬೀಗ ತೆಗ್ದದ್ ನಾನಂತ ಹೇಳಿ."

ಆಮೇಲೆ ನಡೆದದ್ದೆಲ್ಲ ನೆನಪಿನಲ್ಲಿ ಒಟ್ಟೊಟ್ಟಿಗೆ ಬರುತ್ತದೆ. ಓಣಿಯ ಹೆಂಗಸರು ತಲೆಗೆ ಪ್ಲಾಸ್ಟಿಕ್ ಹೊದ್ದು, ತಟ್ಟೆಗಳಲ್ಲಿ ಬಟ್ಟಲು ಜೋಡಿಸಿಕೊಂಡು ಮಳೆಯಲ್ಲೇ ರಸ್ತೆ ದಾಟಿದರು. ಅಷ್ಟು ದೊಡ್ಡ ಪಾತ್ರೆಗಳಿಗೆ ಚಿಕ್ಕಿಯ ಬಳಿ ಇದ್ದ ಮರಳು ಸಾಲಲಿಲ್ಲ, ಹೊರಗಿನ ಮರಳೆಲ್ಲ ಒದ್ದೆ. ಆಗ ಅವರ ತಮ್ಮ ಮೀನು ಒಣಗಿಸಲೆಂದು ತಂದಿಟ್ಟಿದ್ದ ಕಲ್ಲುಪ್ಪಿನ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದರು. ಅದು ಹೊಸ ಮೂಟೆಯೋ, ಅರ್ಧ ಬಳಸಿದ್ದೋ ನಾನು ಕೇಳಲಿಲ್ಲ. ನಾನೇ ಬೊಗಸೆಯಲ್ಲಿ ತೆಗೆದು ಪಾತ್ರೆಯ ಅಡಿಗೆ ಹಾಸಿದೆ. ಉಪ್ಪು ಕಾದು ಚಟಪಟ ಎನ್ನತೊಡಗಿದಾಗ ಚಿಕ್ಕಿ ಬಟ್ಟಲುಗಳನ್ನು ಇಳಿಸಿ ಮುಚ್ಚಳ ಮುಚ್ಚಿದರು. ಮೂರು ಒಲೆ ಸೇರಿ ಒಂದು ಸುತ್ತಿಗೆ ಹನ್ನೆರಡು. ಮಧ್ಯೆ ಯಾರೂ ಮುಚ್ಚಳ ತೆಗೆಯಬಾರದೆಂದು ಕೈಯಲ್ಲಿ ಸೌಟು ಹಿಡಿದು ಕಾವಲು ನಿಂತರು.

ಮೊದಲ ಸುತ್ತು ಇಳಿದಾಗ ಪರಿಮಳ ಓಣಿಯ ಕೊನೆಯವರೆಗೆ ಹೋಗಿರಬೇಕು, ಮಕ್ಕಳೆಲ್ಲ ಬಂದುಬಿಟ್ಟರು. ಪೈಗಳು ಹೊಂಬಣ್ಣಕ್ಕೆ ತಿರುಗಿದ್ದವು, ಬಿರುಕಿನಲ್ಲಿ ಮಾವಿನ ರಸ ಕುದಿಯುತ್ತಿತ್ತು. ಆದರೆ ಚಿಕ್ಕಿಯ ಮುಖ ಸಣ್ಣದಾಯಿತು.

"ಅಕ್ಷರ ಎಲ್ಲ ಹಾಳಾಯ್ತಲೆ ಟೀಚರ್. ಯಾರದ್ದ್ ಯಾರಿಗ್ ಅಂತ ಕೊಡುದ್?"

ಆಗ ಮೂರನೆಯ ಕ್ಲಾಸಿನ ಒಬ್ಬಳು ಹುಡುಗಿ ತಟ್ಟೆಯ ಮೇಲೆ ಬಗ್ಗಿ, "ಇದ್ 'ಲ', ನಂದ್," ಎಂದಳು. ಅವಳ ಪಕ್ಕದವಳು ಅದು 'ಅ' ಎಂದಳು. ಇನ್ನೊಬ್ಬನಿಗೆ ಅದು 'ಉ'ವಿನ ಹಾಗೆ ಕಂಡಿತು. ಅರ್ಧ ಗಂಟೆ ಆ ಅಡುಗೆಕೋಣೆಯಲ್ಲಿ ಅಕ್ಷರಗಳ ಜಗಳವೇ ಜಗಳ. ತಮ್ಮ ಹೆಸರಿನ ಅಕ್ಷರ ಬರೆಯಲೂ ಬಾರದ ಅಜ್ಜಿಯರು ಕೂಡ ಇದು ನಂದು, ನಂಗೆ ಗೊತ್ತು ಎಂದು ವಾದಿಸಿದರು. ಚಿಕ್ಕಿ ಮೊದಲು ಸುಮ್ಮನೆ ನೋಡುತ್ತಿದ್ದರು. ಆಮೇಲೆ ನಗತೊಡಗಿದರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಕೊನೆಯ ಸುತ್ತು ಇಳಿಯುವಾಗ ಸಂಜೆಯಾಗಿತ್ತು. ಚಿಕ್ಕಿ ಒಂದು ಬಟ್ಟಲನ್ನು ಟವಲಿನಲ್ಲಿ ಹಿಡಿದು ನನ್ನೆದುರು ಬಂದು ನಿಂತರು. ಮೇಲಿನ ಅಕ್ಷರ 'ವ'ವೋ, 'ಪ'ವೋ, ದೇವರಿಗೇ ಗೊತ್ತು.

"ಇದ್ ನಿಮ್ದ್. ಕಟ್ಟಿ ಕೊಡ್ಕಾ?"

"ಬ್ಯಾಡ," ಎಂದು ಶಾಲೆಯ ಮೆಟ್ಟಿಲಿನ ಮೇಲೆ ಕೂತೆ. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಹೊರಗೆ ಗರಿಗರಿ, ಒಳಗೆ ಕೆಂಡದಂಥ ಮಾವಿನಹಣ್ಣು. ಕಣ್ಣಲ್ಲಿ ನೀರು ಬಂತು. ಚಿಕ್ಕಿ ಪಕ್ಕದಲ್ಲೇ ನಿಂತು ನಾನು ಬಟ್ಟಲು ಖಾಲಿ ಮಾಡುವ ತನಕ ನೋಡಿದರು.

"ಹ್ಯಾಂಗಿತ್ತ್?"

"ನಾಲ್ಗಿ ಸುಟ್ಟ್ ಹೋಯ್ತ್ ಚಿಕ್ಕಿ."

ನಾಲ್ಕು ವರ್ಷದಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು. ಅವರಿಗೂ ಹಾಗೇ ಅನ್ನಿಸಿತೋ ಏನೋ, ಖಾಲಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಗಳಿಗೆ ನನ್ನ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು.

ರಜೆ ಮುಗಿದ ಮೇಲೆ ಹೆಡ್ಮಾಷ್ಟ್ರ ಎದುರು ಹೋಗಿ ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ಕಡೆಗೆ, "ನಂದ್ ಎಲ್ಲಿತ್ತ್?" ಎಂದು ಕೇಳಿದರು. ಎತ್ತಿಟ್ಟಿದ್ದೆ, ಕೊಟ್ಟೆ.

ಮರುವರ್ಷ ನನಗೆ ಬೈಂದೂರಿನ ಕಡೆಯ ಶಾಲೆಗೆ ವರ್ಗವಾಯಿತು. ಅಲ್ಲೇ ಬಾಡಿಗೆ ಮನೆ ಮಾಡಿದೆ. ಆದರೂ ಆಗಸ್ಟಿನಲ್ಲಿ ಫೋನು ಬಂತು. "ಹ್ವಾಯ್ ಟೀಚರ್, ಬಸ್ಸಿಗ್ ಹಾಕಿದೆ. ಕಂಡಕ್ಟರ್ ಹತ್ರ ಕೇಣಿ." ಸ್ಟೀಲಿನ ಡಬ್ಬಿಯನ್ನು ಗೋಣಿಯಲ್ಲಿ ಸುತ್ತಿ, ಸುತ್ತ ಐಸ್ ತುಂಬಿ ಕಳಿಸಿದ್ದರು. ಬೈಂದೂರು ಮುಟ್ಟುವಾಗ ಐಸ್ ನೀರಾಗಿ ಕಂಡಕ್ಟರನ ಕಾಲು ಒದ್ದೆ. ಹೀಗೆ ನಾಲ್ಕು ವರ್ಷ ಬಂತು. ಪ್ರತಿ ಸಲವೂ ನಾನು ಬೇಯಿಸಿ ತಿಂದು ಫೋನು ಮಾಡುತ್ತಿದ್ದೆ. ಒಮ್ಮೆ ಏಲಕ್ಕಿ ಜಾಸ್ತಿ ಆಯಿತು ಎಂದೆ, ಇನ್ನೊಮ್ಮೆ ತಳ ಹಸಿ ಉಳಿಯಿತು ಎಂದೆ. ಅವರಿಗೆ ಅದೇ ಇಷ್ಟ.

ಐದನೆಯ ವರ್ಷ ಫೋನು ಬರಲಿಲ್ಲ. ಹುಣ್ಣಿಮೆಯ ಮುಂಚಿನ ದಿನ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಿ ಎರಡು ಬಸ್ಸು ನೋಡಿದೆ. ಕಣ್ಣಿನಿಂದ ದೂರವಾದವಳನ್ನು ಪಟ್ಟಿಯಿಂದ ಬಿಟ್ಟಿರಬೇಕು ಎಂದುಕೊಂಡೆ. ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ, ಮುನಿಸಿಕೊಂಡೆ. ಸಣ್ಣ ಮಕ್ಕಳ ಹಾಗೆ, ಪೂರ್ತಿ ಒಂದು ತಿಂಗಳು.

ಸೆಪ್ಟೆಂಬರಿನಲ್ಲಿ ಕೋಡಿಯ ಅಡುಗೆಯಕ್ಕ ಮಗಳ ಮದುವೆಗೆ ಕರೆಯಲು ಫೋನು ಮಾಡಿದರು. ಮಾತಿನ ನಡುವೆ, ಚಿಕ್ಕಿ ಹ್ಯಾಂಗಿದ್ರ್ ಎಂದು ಕೇಳಿದೆ.

"ಚಿಕ್ಕಿ ಹೋಯಿ ಮೂರ್ ತಿಂಗ್ಳಾಯ್ತಲೆ ಟೀಚರ್... ನಿಮ್ಗ್ ಯಾರೂ ಹೇಳ್ಲಿಲ್ಯಾ?"

ಮೇ ತಿಂಗಳಲ್ಲೇ ಹಾಸಿಗೆ ಹಿಡಿದಿದ್ದರಂತೆ. ಆ ವರ್ಷ ಯಾರಿಗೂ ಪೈ ಇರಲಿಲ್ಲ. ಜೂನಿನ ಮೊದಲ ಮಳೆಗೆ ಹೋದರು. ನಾನು ಮುನಿಸಿಕೊಂಡು ಕೂತಿದ್ದ ಆ ತಿಂಗಳಿಡೀ ಅವರು ಇರಲೇ ಇಲ್ಲ.

ಆ ಭಾನುವಾರ ಕೋಡಿಗೆ ಹೋದೆ. ತಮ್ಮ ಅಂಗಳದಲ್ಲಿ ಬಲೆ ರಿಪೇರಿ ಮಾಡುತ್ತಿದ್ದವರು ಎದ್ದು ನಿಂತರು. "ನಿಮ್ ನಂಬ್ರ ಅಕ್ಕನ್ ಫೋನಗೇ ಇತ್ತ್ ಟೀಚರ್. ಅದನ್ನ್ ತೆಗುಕೆ ನಮ್ಗ್ ಗೊತ್ತಾಯ್ಲಿಲ್ಲೆ," ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ಒಳಗೆ ಕರೆದು ಚಾ ಕೊಟ್ಟರು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ಚಾ ಕುಡಿದೆ. ಬಿಳಿಯ ಫ್ರೀಜರಿನ ವಯರನ್ನು ತೆಗೆದು ಸುತ್ತಿ ಮೇಲೆ ಇಟ್ಟಿದ್ದರು. ತಪ್ಪಾಯ್ತು ಚಿಕ್ಕಿ ಎಂಬ ಆ ಒಂದು ಮಾತನ್ನು ಹೇಳಲು ನನಗೆ ಎಷ್ಟು ಸಲ ಅವಕಾಶವಿತ್ತು, ಫೋನಿನಲ್ಲೇ ಹೇಳಬಹುದಿತ್ತು. ಅವರಿಗೆ ಎಲ್ಲ ಗೊತ್ತಿದೆಯಲ್ಲ ಎಂದು ಸುಮ್ಮನಿದ್ದೆ. ಗೊತ್ತಿರುವುದು ಬೇರೆ, ನಾನು ಹೇಳುವುದು ಬೇರೆ ಎಂದು ಆ ಕೋಣೆಯಲ್ಲಿ ನಿಂತಾಗ ಹೊಳೆಯಿತು.

ಈಗ ನಾನು ನಿವೃತ್ತಳಾಗಿ ಸಾಲಿಗ್ರಾಮದಲ್ಲೇ ಇದ್ದೇನೆ. ಯಾರಾದರೂ ಏನನ್ನಾದರೂ ತಂದುಕೊಟ್ಟರೆ ಅವರ ಎದುರೇ ಬಿಚ್ಚಿ ಒಂದು ಚೂರು ತಿನ್ನುತ್ತೇನೆ. ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ವಯಸ್ಸಾಯಿತು ಎಂದು ನಗುತ್ತಾರೆ. ನಿನ್ನೆ ಪಕ್ಕದ ಮನೆಯ ಹೊಸ ಸೊಸೆ ಹಲಸಿನಹಣ್ಣಿನ ಕಡುಬು ತಂದಿದ್ದಳು. ಅವಳನ್ನು ಕೂರಿಸಿ, ಎಲೆ ಬಿಡಿಸಿ, ತಿಂದು, "ಬೆಲ್ಲ ಒಂಚೂರ್ ಕಡ್ಮಿ ಆಯ್ತ್ ಮಗಾ," ಎಂದೆ. ಅವಳು ಗಾಬರಿಯಾಗಿ ಆಮೇಲೆ ನಕ್ಕಳು. ಎರಡನೆಯದನ್ನೂ ಬಿಡಿಸಿದೆ. ಅವಳು ಹೋದ ಮೇಲೆ ಎಲೆಗಳನ್ನು ಮಡಚುತ್ತ ಕೂತವಳಿಗೆ ಲೆಕ್ಕ ಸಿಕ್ಕಿತು. ಚಿಕ್ಕಿಯ ಎದುರು ಕೂತು ನಾನು ಹೀಗೆ ತಿಂದದ್ದು ಒಂದೇ ಒಂದು ಸಲ.